ಹಸಿರು ಚಿಂದಿಯ ಕೀಲಿಕೈ

ಜೇವರ್ಗಿಯ ಮನೆಗೆ ಬಂದು ಸಾಮಾನಿನ ಗಂಟು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಆಳಂದದಲ್ಲಿ ನನ್ನ ಅಣ್ಣನ ಬಸುರಿ ಮಗಳ ಕುಬಸದ ಕಾರ್ಯ ಹತ್ತಿರ ಬಂದಿತ್ತು. ಓಣಿಯ ಮೂಲೆಯಲ್ಲಿ ಒಬ್ಬ ಹೆಂಗಸು ಹೊಲಿಗೆ ಮಷೀನ್ ಇಟ್ಟುಕೊಂಡು ಕೂತಿರುವುದನ್ನು ನೋಡಿದ್ದೆ. ರವಿಕೆಯ ಬಟ್ಟೆ ಹಿಡಿದು ಅಲ್ಲಿಗೇ ಹೋದೆ. ಬರ್ರಿ, ಕೂಡ್ರಿ ಎಂದು ಚೆನ್ನಾಗಿಯೇ ಮಾತಾಡಿಸಿದಳು. ಟೇಪು ಹಿಡಿದು ಭುಜದ ಅಳತೆ ತೆಗೆಯುತ್ತ ಯಾವ ಮನೆಯವರು ಎಂದು ಕೇಳಿದಳು. ಹೇಳಿದೆ. ಅವಳ ಕೈ ನಿಂತುಬಿಟ್ಟಿತು. ಟೇಪನ್ನು ಸುತ್ತಿ ಮಷೀನಿನ ಖಾನೆಯೊಳಗೆ ಹಾಕಿ, ಬಟ್ಟೆಯನ್ನು ನನ್ನ ಮಡಿಲಿಗೆ ದೂಡಿದಳು.

"ಆ ಮನಿ ಬಟ್ಟಿ ನಾ ಹೊಲಿಯಂಗಿಲ್ರಿ."

ನನಗೆ ಸಿಟ್ಟು ಬರಲಿಕ್ಕೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ಇಲ್ಲಿಯವರ ಬಾಯಲ್ಲಿ ಅಕ್ಕೋರು. ವರಾಂಡಾ ತುಂಬ ಗದ್ದಲ ಹಾಕುವ ಹುಡುಗರನ್ನು ಬರೀ ಕಣ್ಣು ಬಿಟ್ಟು ಕೂರಿಸುವವಳು. ನಿನ್ನದೊಂದೇ ಮಷೀನ್ ಏನು ಈ ಊರಿನಲ್ಲಿ ಎಂದು ಅವಳಿಗೆ ಚೆನ್ನಾಗಿ ಅಂದೆ. ಅವಳು ತಲೆ ಎತ್ತಲಿಲ್ಲ, ಬೇರೆ ಯಾರದೋ ಬಟ್ಟೆಗೆ ಸೂಜಿ ಇಳಿಸಿದಳು. ಎದ್ದು ಬರುವಾಗ ಅವಳ ಹಿಂದಿನ ಗೋಡೆ ಕಣ್ಣಿಗೆ ಬಿತ್ತು. ಉದ್ದಕ್ಕೆ ಸಾಲಾಗಿ ಮೊಳೆ ಹೊಡೆದಿದ್ದರು, ಎಲ್ಲವೂ ಖಾಲಿ. ಕೊನೆಯದರಲ್ಲಿ ಮಾತ್ರ ಹಸಿರು ಚಿಂದಿ ಕಟ್ಟಿದ ಒಂದು ಕೀಲಿಕೈ ತೂಗುತ್ತಿತ್ತು. ಅದು ನನ್ನದೇ ಮನೆಯ ಕೀಲಿಕೈ ಎಂದು ಆಗ ನನಗೆ ತಿಳಿದಿರಲಿಲ್ಲ.

ಮನೆಗೆ ಬಂದು ನಮ್ಮವರ ಮುಂದೆ ಕೂಗಾಡಿದೆ. ನಮ್ಮವರು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವರು, ಯಾವ ದನ ಒದ್ದರೂ ದನಿ ಎತ್ತದ ಮನುಷ್ಯ. ನಾನು ಉಸಿರು ತೆಗೆದುಕೊಳ್ಳುವವರೆಗೂ ಕಾದು, ಆಕೆಯೇ ಕಾಕಾನ ದಲಾಲಿ ಎಂದರು. ನಾನು ರವಿಕೆಯ ಬಟ್ಟೆ ಮಡಚಿ ಒಳಗಿಟ್ಟೆ. ಮುಂದಿನದು ನನಗೆ ಗೊತ್ತಿದ್ದದ್ದೇ.

ಕಾಕಾ ಎಂದರೆ ನಮಗೆ ಈ ಮನೆ ಮಾರಿದ ಹಿರಿಯರು. ರಕ್ತಸಂಬಂಧವೇನೂ ಇಲ್ಲ. ಅತನೂರ ಕಡೆಯ ಹೊಲಮನೆಯವರು, ನೌಕರಿ ಮುಗಿಸಿ ಅಫಜಲಪುರದಲ್ಲಿ ತಮ್ಮನ ಮನೆಯ ಪಕ್ಕದಲ್ಲೇ ಹೊಸ ಮನೆ ಕಟ್ಟಿಕೊಂಡಿದ್ದರು. ಜೇವರ್ಗಿಯ ಮನೆಯನ್ನು ಮಾರಿಕೊಡು ಎಂದು ಮೊದಲು ಒಪ್ಪಿಸಿದ್ದು ಈ ಹೊಲಿಗೆ ಅಕ್ಕನಿಗೆ. ಆಕೆ ಬಟ್ಟೆ ಹೊಲಿಯುತ್ತಲೇ ಊರಿನ ಮನೆಗಳನ್ನು ತೋರಿಸಿ ಕೊಡಿಸುತ್ತಿದ್ದಳು. ಬೋರ್ಡು ಇಲ್ಲ, ಆಫೀಸು ಇಲ್ಲ. ಮನೆ ಮಾರುವವರು ಅವಳ ಕೈಯಲ್ಲಿ ಒಂದು ಕೀಲಿಕೈ ಕೊಟ್ಟು ಹೋಗುತ್ತಿದ್ದರು. ಆ ಮನೆಯ ಹೆಂಗಸಿನ ರವಿಕೆ ಹೊಲಿದಾಗ ಉಳಿದ ಚಿಂದಿಯನ್ನು ಅದಕ್ಕೆ ಕಟ್ಟಿ ಆಕೆ ಮೊಳೆಗೆ ಹಾಕುತ್ತಿದ್ದಳು. ಯಾವ ಕೀಲಿಕೈ ಯಾವ ಮನೆಯದು ಎಂದು ಬಣ್ಣ ನೋಡಿದರೆ ಸಾಕು, ಅವಳಿಗೆ ತಿಳಿಯುತ್ತಿತ್ತು.

ವ್ಯವಹಾರ ಕುದುರಿಸುವ ಅವಳ ರೀತಿಯೂ ಬೇರೆ. ಗಂಡಸರು ಹೊರಗೆ ಕಟ್ಟೆಯ ಮೇಲೆ ರೇಟು, ಬ್ಯಾಂಕು, ರಿಜಿಸ್ಟ್ರಿ ಎಂದು ಎಷ್ಟು ಬೇಕಾದರೂ ಮಾತಾಡಿಕೊಳ್ಳಲಿ. ಕೊಳ್ಳುವ ಮನೆಯ ಹೆಂಗಸು ಮಾರುವ ಮನೆಯ ಅಡುಗೆಮನೆಗೆ ಬಂದು, ಆ ಒಲೆಯ ಮೇಲೆ ಮಾಡಿದ ಚಹಾ ಕುಡಿಯಬೇಕು. ಎರಡೂ ಕಡೆಯ ಹೆಂಗಸರಿಗೆ ಮನಸ್ಸು ಬಂದರೆ, ಮಾರುವವಳು ಕೊಳ್ಳುವವಳ ಬಾಯಿಗೆ ತನ್ನ ಕೈಯಾರೆ ಸಕ್ಕರೆ ಹಾಕಬೇಕು. ಲಗ್ನ ಗೊತ್ತುಮಾಡುವಾಗ ಸಕ್ಕರೆ ಹಂಚುವುದಿಲ್ಲವೇ, ಹಾಗೆ. ಕಾಗದಪತ್ರ ಆಮೇಲೆ ಯಾವಾಗ ಆದರೂ ಆಗಲಿ, ಸಕ್ಕರೆ ಬಿದ್ದ ಮೇಲೆ ಆ ಮನೆ ಅವರದು. ಈ ಭಾಗದ ಓಣಿಗಳಲ್ಲಿ ಇದನ್ನು ಎಲ್ಲರೂ ಒಪ್ಪಿಕೊಂಡಿದ್ದರು. ಅವಳು ತೋರಿಸಿದ ಮನೆಗೆ ಯಾರೂ ಎರಡನೇ ಮಾತು ಆಡುತ್ತಿರಲಿಲ್ಲ.

ನಮಗೆ ಆ ಮನೆ ಸಿಕ್ಕಿದ್ದು ಅವಳಿಂದಲ್ಲ. ನನಗೆ ಆಳಂದದಿಂದ ಜೇವರ್ಗಿಗೆ ವರ್ಗವಾಗಿತ್ತು. ನಮ್ಮವರ ಊರು ಕೊಳಕೂರ, ಇಲ್ಲಿಂದ ಹತ್ತಿರ. ಇಲ್ಲಿ ಮೊದಲು ಹಿಡಿದ ಬಾಡಿಗೆ ಮನೆಯಲ್ಲಿ ಮೇಲಿನವರ ಬಚ್ಚಲ ನೀರು ನಮ್ಮ ಅಡುಗೆಮನೆಗೆ ಸೋರುತ್ತಿತ್ತು, ಮಾಲೀಕನ ಜೊತೆ ಜಗಳವಾಡಿ ನನ್ನ ಗಂಟಲು ಕಟ್ಟಿತ್ತು. ನಮ್ಮವರು ಹೋಗುವ ಸೋಮವಾರದ ವಚನಗೋಷ್ಠಿಗೆ ಕಾಕಾನೂ ಬರುತ್ತಿದ್ದರು. ಅಲ್ಲೇ ಒಂದು ದಿನ ಪ್ರಸಾದ ಮುಗಿದ ಮೇಲೆ ನಮ್ಮವರನ್ನು ಪಕ್ಕಕ್ಕೆ ಕರೆದು, ಮನೆ ಕೊಡುತ್ತೇನೆ, ನಡುವೆ ಯಾರೂ ಬೇಡ, ನಾವು ನಾವೇ ಮುಗಿಸಿಕೊಳ್ಳೋಣ ಎಂದರಂತೆ. ನಮ್ಮವರು ಬಂದು ಹೇಳಿದಾಗ ನಾನು ದೇವರ ಜಗಲಿಗೆ ಕೈ ಮುಗಿದೆ.

ಮಾತು ಮುಗಿಸಲು, ಆಗ ಅವರಿನ್ನೂ ಇದ್ದ ಈ ಮನೆಗೇ ಬಂದ ದಿನ ಕಾಕಾ ಬಹಳ ಖುಷಿಯಲ್ಲಿದ್ದರು. ಕಾಕು, ಎಂದರೆ ಅವರ ಹೆಂಡತಿ, ಒಲೆಯ ಮುಂದೆ ಚಹಾ ಕುದಿಸುತ್ತಿದ್ದರು. ನಾವು ಅಡುಗೆಮನೆಯ ಪರಸಿ ಕಲ್ಲಿನ ನೆಲದ ಮೇಲೆ ಚಾಪೆ ಹಾಕಿಕೊಂಡು ಕೂತಿದ್ದೆವು. ನಮಗಿಂತ ಮೊದಲು ಮನೆ ನೋಡಿ ಹೋದವರ ವಿಷಯವನ್ನು ಕಾಕಾ ತಾವಾಗಿಯೇ ತೆಗೆದರು. ಸರಕಾರಿ ಆಸ್ಪತ್ರೆಯ ನರ್ಸ್ ಒಬ್ಬಳು, ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ದಲಿತರು. ಕಾಕು ಸಕ್ಕರೆಯನ್ನೂ ಹಾಕಿಯಾಗಿತ್ತು. ಆಮೇಲೆ ಓಣಿಯವರು ತಕರಾರು ತೆಗೆದರಂತೆ.

"ಹೊಲಿಗ್ಯಾಕಿ ಮೊದಲನೇ ದಿನಾನೇ ಹೇಳಿದ್ಳು, ಅವ್ರು ಇಂಥವ್ರು ಅಂತ," ಎಂದು ಕಾಕಾ ನಕ್ಕರು. "ರೇಟ್ ಚೊಲೋ ಇತ್ತು, ನಾ ಹೂಂ ಅಂದೆ. ಓಣ್ಯಾಗಿನ ಮಂದಿ ಮಾರಿ ತಿರುವಿದ ಮ್ಯಾಲ, ಆಕಿ ನಮಗ ಹೇಳೇ ಇಲ್ಲ, ಮುಚ್ಚಿಟ್ಟಾಳ ಅಂದುಬಿಟ್ಟೆ. ಮತ್ತೇನ್ ಮಾಡ್ಲಿ, ನೀವೇ ಹೇಳ್ರಿ."

ನಾನು ಹೇಳಿದ್ದು "ಹೌದಲ್ರಿ ಕಾಕಾ" ಎಂದು. ಅಷ್ಟೇ ಅಲ್ಲ, ಅವರ ಜೊತೆ ಒಂದಿಷ್ಟು ನಕ್ಕೆ ಕೂಡ. ನಮ್ಮವರು ಬಸಿಯೊಳಗಿನ ಚಹಾ ಊದುತ್ತಿದ್ದರು. ಕಾಕು ಮಾತ್ರ ಒಲೆಯ ಕಡೆ ಮುಖ ಮಾಡಿಕೊಂಡೇ ಇದ್ದರು. ಆಮೇಲೆ ಅವರೇ ಡಬ್ಬಿ ತೆಗೆದು ನನ್ನ ಬಾಯಿಗೆ ಸಕ್ಕರೆ ಹಾಕಿದರು, ಆದರೆ ನನ್ನ ಮುಖ ನೋಡಲಿಲ್ಲ. ನನ್ನ ಲಕ್ಷ್ಯ ಅವರ ಮೇಲೆ ಇದ್ದರೆ ತಾನೆ? ಸೋರದ ಅಡುಗೆಮನೆ ಸಿಕ್ಕಿತು ಎಂದು ನಾನು ಮೇಲಿನ ಛಾವಣಿ ನೋಡುತ್ತ ಕೂತಿದ್ದೆ.

ರವಿಕೆಯ ಬಟ್ಟೆ ವಾಪಸು ಬಂದ ಮೇಲೆ ಉಳಿದ ಕಥೆಯನ್ನು ಪಕ್ಕದ ಮನೆಯ ಸೊಸೆ ಹೇಳಿದಳು. ಹೊಲಿಗೆ ಅಕ್ಕ ಜಾತಿ ಮುಚ್ಚಿಟ್ಟು ಮನೆ ಮಾರಿಸಲು ಹೊರಟಿದ್ದಳು ಎಂದು ಕಾಕಾ ಊರೆಲ್ಲ ಹೇಳಿದ ಮೇಲೆ ಜನ ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಕೀಲಿಕೈ ಇಸಿದುಕೊಂಡು ಹೋದರಂತೆ. ಕಾಕಾ ಸಮಾಧಾನಕ್ಕೆಂದು ದಲಾಲಿ ಹಣ ಕಳಿಸಿದ್ದರಂತೆ, ಅದನ್ನು ಅವಳು ಬಾಗಿಲಿನಿಂದಲೇ ತಿರುಗಿಸಿದಳಂತೆ. ಅವಳಿಗೆ ಬೇಕಾದದ್ದು ಒಂದೇ. ನಾಲ್ಕು ಜನರ ಮುಂದೆ ಕಾಕಾ ಬಾಯಿ ಬಿಟ್ಟು, ಈಕೆ ನನಗೆ ಮೊದಲೇ ಹೇಳಿದ್ದಳು ಎನ್ನಬೇಕು. ಅಲ್ಲಿಯವರೆಗೆ ಕಾಕಾನ ಮನೆಯ ಕೀಲಿಕೈ ಕೊಡುವುದಿಲ್ಲ ಎಂದು ಹಟ ಹಿಡಿದಿದ್ದಳು. ಒಂದು ಕೀಲಿಕೈ ಎಲ್ಲೋ ಕಳೆದಿದೆ ಎಂದು ಕಾಕಾ ನಮಗೆ ಹೇಳಿದ್ದರು. ಅದು ಕಳೆದಿರಲಿಲ್ಲ, ಹಸಿರು ಚಿಂದಿ ಕಟ್ಟಿಕೊಂಡು ಓಣಿಯ ಮೂಲೆಯಲ್ಲೇ ಇತ್ತು.

ಬೀಗ ಬದಲಿಸೋಣ ಎಂದರು ನಮ್ಮವರು. ನಾನು ಅವರ ಮೇಲೆ ಹರಿಹಾಯ್ದೆ. ಆಕೆ ಕಳ್ಳಿ ಅಲ್ಲ, ಊರಿನ ಕೀಲಿಕೈಗಳೆಲ್ಲ ಇಷ್ಟು ವರ್ಷ ಅವಳ ಕೈಯಲ್ಲೇ ಇದ್ದವು ಎಂದೆ. ಹಾಗಾದರೆ ನೀನು ಕೇಳಿದ್ದನ್ನು ಹೋಗಿ ಹೇಳು ಎಂದರು. ನೀವೂ ಕೇಳಿದ್ದೀರಲ್ಲ, ನೀವು ಹೇಳಿ ಎಂದೆ.  ಹೇಳಿದರೆ ಏನಾಗುತ್ತದೆ ಎಂಬುದು ಇಬ್ಬರಿಗೂ ತಿಳಿದಿತ್ತು. ಗೊತ್ತಿದ್ದೂ ಹೇಗೆ ಕೊಂಡಿರಿ ಎಂದು ಓಣಿಯವರು ಮೊದಲು ಕೇಳುವುದು ನಮ್ಮನ್ನೇ.

ಆ ಮನೆಯಲ್ಲಿ ನನಗೆ ನೆಮ್ಮದಿ ಹತ್ತಲಿಲ್ಲ. ಮುಂಜಾನೆ ಅಡುಗೆಮನೆಯ ಕಿಟಕಿಯಿಂದ ಬಿಸಿಲು ನೇರ ಒಲೆಯ ಕಟ್ಟೆಗೆ ಬೀಳುತ್ತದೆ. ಅದೇ ಹೊತ್ತಿಗೆ ನಮ್ಮವರು ಇಷ್ಟಲಿಂಗ ಪೂಜೆಗೆ ಕೂರುತ್ತಾರೆ, ಫೋನಿನಲ್ಲಿ ವಚನ ಹಚ್ಚಿರುತ್ತಾರೆ. ಮೇಲಿಲ್ಲ ಕೀಳಿಲ್ಲ ಎಂಬ ಆ ಮಾತುಗಳನ್ನು ಚಿಕ್ಕಂದಿನಿಂದ ಕೇಳಿ, ಹಾಡಿ, ಶಾಲೆಯ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನು. ಈಗ ರೊಟ್ಟಿ ಬಡಿಯುತ್ತ ಕೇಳುವಾಗ ಹಂಚಿನ ಮೇಲಿನ ರೊಟ್ಟಿ ಸೀಯುವವರೆಗೂ ಎಚ್ಚರ ಇರುತ್ತಿರಲಿಲ್ಲ. ಫೋನಿನ ದನಿ ಸಣ್ಣ ಮಾಡ್ರಿ ಎಂದು ವಿನಾಕಾರಣ ಅವರ ಮೇಲೆ ರೇಗುತ್ತಿದ್ದೆ.

ಒಂದು ಸೋಮವಾರ ಗೋಷ್ಠಿ ಪಕ್ಕದ ಮನೆಯಲ್ಲಿ ಸೇರಿತ್ತು. ಅದು ವಾರಕ್ಕೊಂದು ಮನೆಯಂತೆ ಸರದಿಯಲ್ಲಿ ನಡೆಯುತ್ತದೆ. ಹಳೆಯ ಬಳಗ ನೋಡಿ ಹೋಗೋಣ ಎಂದು ಅಫಜಲಪುರದಿಂದ ಕಾಕಾ, ಕಾಕು ಇಬ್ಬರೂ ಬಂದಿದ್ದರು. ಪೂಜೆ ಮುಗಿದು ನಾನು ಚಹಾದ ತಟ್ಟೆ ಹಿಡಿದು ಹಂಚುತ್ತಿದ್ದೆ. ಬಾಗಿಲಲ್ಲಿ ಹೊಲಿಗೆ ಅಕ್ಕ ಬಂದು ನಿಂತಳು. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ, ಅವಳೂ ಹೊಸ್ತಿಲು ದಾಟಲಿಲ್ಲ. ಕೈಯಲ್ಲಿ ಆ ಕೀಲಿಕೈ ಇತ್ತು.

"ನಾ ಹೇಳೀನೋ ಇಲ್ಲೋ, ಅಷ್ಟು ಹೇಳ್ರಿ ಕಾಕಾ," ಎಂದಳು. "ಇದನ್ನ ಇಲ್ಲೇ ಇಟ್ಟು ಹೋಗ್ತೇನಿ."

ಕಾಕಾ ಸುತ್ತ ನೋಡಿದರು. ನೀನು ಹೇಳಿದ್ದರೆ ಯಾರಾದರೂ ಕೇಳಿರಬೇಕಲ್ಲ, ಯಾರು ಕೇಳಿದ್ದಾರೆ ಎಂದರು. ಹೊಲಿಗೆ ಅಕ್ಕ ಕಾಕುವಿನ ಕಡೆ ತಿರುಗಿದಳು. ಕಾಕು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದರು.

"ಯಾರರ ಒಬ್ರು ಖರೆ ಹೇಳ್ರಿ," ಎಂದಳು ಆಕೆ. ದನಿ ಏರಿಸಿರಲಿಲ್ಲ. "ಯಾರರ ಆಗ್ಲಿ. ಅವತ್ತ ಕೀಲಿಕೈ ಕೊಡ್ತೇನಿ."

ಆ ಯಾರೋ ಒಬ್ಬರು ನಾನೇ ಎಂದು ನನಗೆ ಗೊತ್ತಿತ್ತು. ನಮ್ಮವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಆಮೇಲೆ ಯಾರೂ ಕೇಳದ ನೀರು ತರಲು ನಾನು ಅಡುಗೆಮನೆಗೆ ಹೋದೆ. ನಾಚಿಕೆಗೇಡಿ ನಾನು, ತಂಬಿಗೆ ತುಂಬಿದ ಮೇಲೂ ನಳ ಬಿಟ್ಟುಕೊಂಡು ಅಲ್ಲೇ ನಿಂತಿದ್ದೆ. ಹೊರಗೆ ಬರುವಷ್ಟರಲ್ಲಿ ಅವಳು ಹೋಗಿದ್ದಳು. ಸಾಕ್ಷಿ ಇಲ್ಲದೆ ಬಂದು ಗೋಷ್ಠಿ ಕೆಡಿಸಿದಳು ಎಂದು ಪಕ್ಕದ ಮನೆಯ ಯಜಮಾನರು ಹೇಳುತ್ತಿದ್ದರು. ಎಲ್ಲರೂ ಚಹಾ ಕುಡಿದರು.

ಮರುದಿನ ನಮ್ಮವರು ಬೀಗದವನನ್ನು ಕರೆತಂದರು. ನಾನು ಬೇಡ ಅನ್ನಲಿಲ್ಲ. ಅವನು ಬಾಗಿಲಿನ ಹಳೆಯ ಬೀಗ ಕಳಚಿ ಹೊಸದನ್ನು ಕೂರಿಸುವಾಗ ಕಾಣಲಿ ಎಂದು ಫೋನಿನ ಬೆಳಕು ಹಿಡಿದು ನಿಂತವಳೂ ನಾನೇ. ಅವಳು ಬಂದು ಬಾಗಿಲು ತೆಗೆಯುತ್ತಾಳೆ ಎಂಬ ಹೆದರಿಕೆ ನನಗೆ ಇರಲಿಲ್ಲ. ಆ ಮೊಳೆಯ ಮೇಲಿನದು ನನ್ನ ಮನೆಯ ಕೀಲಿಕೈ ಅಲ್ಲ ಎಂದಾದರೆ ಅವಳ ಜಗಳವೂ ನನ್ನದಲ್ಲ ಎಂದು ಆದೀತು, ಅಷ್ಟೇ ಅಂದುಕೊಂಡಿದ್ದೆ. ಹಾಗೆ ಆಗಲಿಲ್ಲ. ಶಾಲೆಗೆ ಹೋಗುವಾಗ ಆ ಮೂಲೆ ತಪ್ಪಿಸಲು ಹಿಂದಿನ ಓಣಿ ಸುತ್ತಿ ಹೋಗತೊಡಗಿದೆ.

ಆ ನರ್ಸ್ ನಮ್ಮ ಶಾಲೆಗೇ ಬಂದಳು, ಮಕ್ಕಳಿಗೆ ಚುಚ್ಚುಮದ್ದು ಹಾಕಲು. ಅವಳನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅವಳಿಗೆ ಮಾತ್ರ ನನ್ನ ಗುರುತು ಇತ್ತು. ಅಳುವ ಹುಡುಗಿಯನ್ನು ನಾನು ಹಿಡಿದುಕೊಂಡಾಗ ಸೂಜಿ ಚುಚ್ಚಿ, ಹತ್ತಿ ಒತ್ತುತ್ತ, ನೀವು ಆ ಮನೆಯಲ್ಲಿ ಇರುವವರಲ್ಲವೇ ಎಂದಳು. ಯಾವ ಮನೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಹೂಂ ಎಂದೆ. ಅಡುಗೆಮನೆಯ ಗೂಡಿನಲ್ಲಿ ತನ್ನ ದೊಡ್ಡ ಕುಕ್ಕರ್ ಹಿಡಿಸುತ್ತದೋ ಇಲ್ಲವೋ ಎಂದು ಅಂದು ಗೇಣು ಹಾಕಿ ನೋಡಿದ್ದಳಂತೆ, ಹಿಡಿಸುತ್ತಿತ್ತಂತೆ. ಅದನ್ನು ನಗುತ್ತಲೇ ಹೇಳಿದಳು.

ಮಕ್ಕಳೆಲ್ಲ ತಮ್ಮ ತಮ್ಮ ಕೋಣೆಗೆ ಹೋದ ಮೇಲೆ ನಾನು ತಡೆದುಕೊಳ್ಳಲಾರದೆ ಹೇಳಿಬಿಟ್ಟೆ. ಹೊಲಿಗೆ ಅಕ್ಕ ಏನೂ ಮುಚ್ಚಿಟ್ಟಿರಲಿಲ್ಲ, ಎಲ್ಲ ಮೊದಲೇ ಹೇಳಿದ್ದಳು, ಕಾಕಾನ ಬಾಯಿಂದಲೇ ನಾನು ಕೇಳಿದ್ದೇನೆ ಎಂದೆ. ಹೇಳಿ ದೊಡ್ಡ ಹೊರೆ ಇಳಿಸಿದವಳಂತೆ ಉಸಿರು ಬಿಟ್ಟೆ. ಅವಳು ಖಾಲಿ ಸೂಜಿಗಳನ್ನು ಡಬ್ಬಿಗೆ ಹಾಕುತ್ತಿದ್ದಳು.

"ನನಗ್ಯಾಕ್ ಹೇಳ್ತೀರಿ ಅಕ್ಕೋರ? ನಾ ಅಲ್ಲೇ ಇದ್ದೆನಲ್ರಿ. ಆಕಿ ನನ್ನ ಮುಂದೇ ಹೇಳ್ಯಾಳ. ಅದನ್ನ ಕೇಳಿದ ಮ್ಯಾಲೇ ಕಾಕು ನನ್ನ ಬಾಯಾಗ ಸಕ್ಕರಿ ಹಾಕ್ಯಾರ."

 ಹಾಗಾದರೆ ಗೋಷ್ಠಿಯಲ್ಲಿ ಅಷ್ಟು ಮಾತಾದಾಗ ನೀವು ಬಂದು ಹೇಳಬಹುದಿತ್ತಲ್ಲ ಎಂದು ತೊದಲಿದೆ. ಅವಳು ಆಗ ನನ್ನನ್ನು ಸರಿಯಾಗಿ ನೋಡಿದಳು.

"ನನ್ನ ಯಾರ್ ಕರದಿದ್ರು?"

ಡಬ್ಬಿಯ ಮುಚ್ಚಳ ಒತ್ತಿ ಹಾಕಿ, ಚೀಲ ಹೆಗಲಿಗೇರಿಸಿ, ಮುಂದಿನ ಶಾಲೆಗೆ ಹೊತ್ತಾಯಿತು ಎಂದು ಹೊರಟಳು. ಯಾರು ಕೇಳಿದ್ದಾರೆ ಎಂದು ಕಾಕಾ ಕೇಳಿದಾಗ ಇಡೀ ಓಣಿ ಒಬ್ಬರ ಮುಖ ಒಬ್ಬರು ನೋಡಿತ್ತು. ಆ ಅಡುಗೆಮನೆಯಲ್ಲೇ ಕೂತು ಎಲ್ಲ ಕೇಳಿದವಳೊಬ್ಬಳು ಇದ್ದಾಳೆ, ಅವಳನ್ನು ಕರೆಸಿ ಕೇಳೋಣ ಎಂದು ಅಲ್ಲಿದ್ದ ಒಬ್ಬರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ನಾನೊಬ್ಬಳೇ ಸಾಕ್ಷಿ ಎಂದು ಸಂಕಟಪಡುತ್ತಿದ್ದೆನಲ್ಲ, ಆ ಸಂಕಟದಲ್ಲೂ ಅವಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಗೋಷ್ಠಿಯ ಸರದಿ ನಮ್ಮ ಮನೆಗೆ ಬಂತು. ಹುಗ್ಗಿ ಮಾಡಿದ್ದೆ. ಪೂಜೆ ಮುಗಿಯಿತು, ನಮ್ಮವರು ವಚನ ಓದಿದರು, ಅರ್ಥ ಹೇಳಿದರು. ಬಡಿಸುವ ಮೊದಲು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ. ಹೊಲಿಗೆ ಅಕ್ಕ ಮೊದಲನೇ ದಿನವೇ ಎಲ್ಲ ಹೇಳಿದ್ದಳು, ಕಾಕಾ ಅದನ್ನು ಇದೇ ಮನೆಯಲ್ಲಿ ನಮ್ಮ ಮುಂದೆ ಒಪ್ಪಿಕೊಂಡರು, ಆಕೆ ಬಾಗಿಲಲ್ಲಿ ನಿಂತು ಕೇಳಿದ ದಿನ ನಾವು ಗಂಡ ಹೆಂಡತಿ ಬಾಯಿ ಬಿಡಲಿಲ್ಲ ಎಂದೆ. ಶಾಲೆಯಲ್ಲಿ ಗುಡುಗುವ ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು. ಯಾರೋ ಕೆಮ್ಮಿದರು. ಆದದ್ದು ಆಗಿಹೋಯಿತು, ಬಡಿಸಿರಿ ಎಂದರು ಇನ್ಯಾರೋ. ಪಕ್ಕದ ಮನೆಯ ಯಜಮಾನರು ಮಾತ್ರ ನನ್ನನ್ನೇ ನೋಡುತ್ತಿದ್ದರು.

"ಹಂಗಾರ ಮನಿ ಆ ನರ್ಸ್ ಮಂದಿಗೆ ಕೊಟ್ಟುಬಿಡ್ತೀರೇನ್ ಅಕ್ಕೋರ?"

ಅವರು ನನ್ನ ಬಾಯಿ ಮುಚ್ಚಿಸಲೆಂದೇ ಕೇಳಿದ್ದು. ಆದರೆ ಅದಕ್ಕಿಂತ ಸರಿಯಾದ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.  ಬ್ಯಾಂಕಿನ ಸಾಲ, ಮತ್ತೆ ಬಾಡಿಗೆ ಮನೆ, ಸೋರುವ ನೀರು ಎಲ್ಲ ಒಮ್ಮೆಲೇ ನೆನಪಾದವು. ಹುಗ್ಗಿಯ ಪಾತ್ರೆ ಎತ್ತಿಕೊಂಡು ಬಂದು ಬಡಿಸತೊಡಗಿದೆ. ಅವರೆಲ್ಲ ಉಂಡರು, ಹುಗ್ಗಿ ಚೆನ್ನಾಗಿದೆ ಎಂದರು.

ಮಾತು ಓಣಿಯ ಮೂಲೆಗೆ ತಲುಪಲು ಎಷ್ಟು ಹೊತ್ತು ಬೇಕು. ಮರುದಿನ ಮುಂಜಾನೆ ನಾನು ಅಂಗಳ ಗುಡಿಸುತ್ತಿದ್ದಾಗ ಹೊಲಿಗೆ ಅಕ್ಕ ಬಂದಳು. ಒಳಗೆ ಬರ್ರಿ, ಚಹಾ ಕುಡೀರಿ ಎಂದೆ. ಚಹಾ ಬೇಡ, ಯಾರಾದರೂ ಒಬ್ಬರು ಖರೆ ಹೇಳಿದ ದಿನ ಕೊಡುತ್ತೇನೆ ಎಂದಿದ್ದೆ, ಕೊಡಲು ಬಂದಿದ್ದೇನೆ ಎಂದಳು. ಸೆರಗಿನ ಗಂಟು ಬಿಚ್ಚಿ ಕೀಲಿಕೈ ತೆಗೆದಳು. ಹಸಿರು ಚಿಂದಿ ಇನ್ನೂ ಹಾಗೇ ಇತ್ತು. ನಾನು ಪೊರಕೆ ಕೆಳಗಿಟ್ಟು ಕೈ ಚಾಚಿದೆ.

ಕೊಡುವವಳು ತಡೆದಳು. ಇಷ್ಟು ದಿನ ಮೊಳೆಗೆ ತೂಗಿದೆ, ತುಕ್ಕು ಹಿಡಿದಿದೆಯೋ ಏನೋ, ನೋಡಿಯೇ ಕೊಡುತ್ತೇನೆ ಎನ್ನುತ್ತ ಮೆಟ್ಟಿಲು ಹತ್ತಿದಳು. ಅವಳ ಕೆಲಸದ ರೀತಿಯೇ ಅದು. ನಾನು ಅವಳ ಹಿಂದೆಯೇ ಮೆಟ್ಟಿಲು ಹತ್ತಿದೆ. ಕೀಲಿಕೈಯನ್ನು ಬೀಗದೊಳಗೆ ತೂರಿಸಲು ನೋಡಿದಳು, ಹೋಗಲಿಲ್ಲ. ತಿರುವಿ ಹಿಡಿದು ಇನ್ನೊಮ್ಮೆ ನೋಡಿದಳು. ಆಮೇಲೆ ಬಗ್ಗಿ, ಫಳಫಳ ಹೊಳೆಯುವ ಆ ಬೀಗದ ಮೇಲೆ ಬೆರಳು ಆಡಿಸಿದಳು.

ಯಾವಾಗ ಬದಲಿಸಿದಿರಿ ಎಂದು ಕೇಳಿದಳು. ನೀವು ಗೋಷ್ಠಿಗೆ ಬಂದಿದ್ದಿರಲ್ಲ, ಅದರ ಮರುದಿನ ಎಂದೆ. ಸುಳ್ಳು ಹೇಳಲು ಆಗಲಿಲ್ಲ.

ಅವಳು ಚಿಂದಿಯ ಗಂಟು ಬಿಚ್ಚಿ ಅದನ್ನು ತನ್ನ ಹತ್ತಿರ ಇಟ್ಟುಕೊಂಡಳು. ಬರಿಯ ಕೀಲಿಕೈಯನ್ನು ನನ್ನ ಅಂಗೈಯಲ್ಲಿ ಇಟ್ಟಳು.

"ನೀವೂ ನನ್ನ ಕಳ್ಳಿ ಅಂತೇ ತಿಳದಿದ್ರಿ ಅಲ್ರೀ."

ಇಲ್ಲ ಅಕ್ಕಾ, ಇಲ್ಲ ಎಂದೆ. ಅವಳು ಇನ್ನೊಮ್ಮೆ ಬೀಗದ ಕಡೆ ನೋಡಿ, ಮೆಟ್ಟಿಲು ಇಳಿದು ಹೋದಳು.